ಜೋಡಿ ಎಂಜಿನ್‌ನ ಬೆಲೆ: ಸ್ವೀಡನ್ನಿನಲ್ಲಿ ಹಳೆಯ ಸಣ್ಣ ವಿಮಾನಕ್ಕೆ ಬೆಲೆ ಕಟ್ಟುವ ಕಥೆ

ಪೀಠಿಕೆ

ನಮ್ಮ ತಾತ ಪ್ರತಿವರ್ಷ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುತ್ತಿದ್ದರು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಹಳ್ಳಿಕಾರ್ ಎತ್ತಿನ ಜೋಡಿಯ ಮುಂದೆ ನಿಂತು ಮೊದಲು ಬಾಯಿ ತೆರೆಸಿ ಹಲ್ಲು ನೋಡಿದರು, ಕಾಲು ಸವರಿದರು, ಎರಡನ್ನೂ ನಾಲ್ಕು ಹೆಜ್ಜೆ ನಡೆಸಿದರು. ಆಮೇಲೆ ದಲ್ಲಾಳಿಯೂ ಅವರೂ ಟವೆಲಿನೊಳಗೆ ಕೈ ಸೇರಿಸಿ ಬೆರಳು ಹಿಡಿದು ವ್ಯಾಪಾರ ಕುದುರಿಸಿದರು. ವಾಪಸು ಬರುವಾಗ ತಾತ ಹೇಳಿದ ಮಾತು ನೆನಪಿದೆ: "ಜೋಡಿ ಅಂದರೆ ಎರಡು ಎತ್ತಲ್ಲ ಕಣೋ. ಒಂದಕ್ಕೊಂದು ಸಮ ಇದ್ದರೆ ಮಾತ್ರ ಜೋಡಿ. ಇಲ್ಲದಿದ್ದರೆ ಒಂದು ಎಳೆಯುತ್ತೆ, ಇನ್ನೊಂದು ಎಳೆಸಿಕೊಳ್ಳುತ್ತೆ."

ನಲವತ್ತು ವರ್ಷದ ನಂತರ ಸ್ವೀಡನ್ನಿನ ಲಿನ್‌ಶೋಪಿಂಗ್ ಊರಿನ ಹೊರಗೆ, ತಣ್ಣನೆಯ ಹ್ಯಾಂಗರ್ ಒಂದರಲ್ಲಿ, ಎರಡು ಎಂಜಿನ್‌ಗಳ ಹಳೆಯ ವಿಮಾನದ ಮುಂದೆ ಟಾರ್ಚ್ ಹಿಡಿದು ನಿಂತಾಗ ನನಗೆ ಆ ಮಾತು ನೆನಪಾಯಿತು. ಅಂದು ನಾನು ಕಲಿತದ್ದನ್ನೂ ಮಾಡಿದ ಒಂದು ತಪ್ಪನ್ನೂ ಈ ಸಂಚಿಕೆಯ ಓದುಗರ ಮುಂದೆ ಇಡುತ್ತಿದ್ದೇನೆ. ಹಳೆಯ ವಿಮಾನದ ಬೆಲೆ ಎಂಬುದು ಒಂದು ಅಂಕಿಯಷ್ಟೇ ಅಲ್ಲ, ಅದೊಂದು ಚರಿತ್ರೆ ಎಂಬುದು ನನ್ನ ಪ್ರತಿಪಾದನೆ.

ಪ್ರಶ್ನೆ ಹುಟ್ಟಿದ್ದು ಹೇಗೆ

ನನ್ನ ಹಿರಿಯ ಸ್ವೀಡಿಷ್ ಗೆಳೆಯರೊಬ್ಬರು ತೀರಿಕೊಂಡರು. ಅವರಲ್ಲಿ 1950ರ ದಶಕದ ಒಂದು ಪೈಪರ್ ಅಪಾಚೆ ವಿಮಾನವಿತ್ತು. ಇಲ್ಲಿ ಯಾರಾದರೂ ತೀರಿಕೊಂಡರೆ ಮೂರು ತಿಂಗಳೊಳಗೆ 'ಬೂಪ್‌ಟೆಕ್ನಿಂಗ್' ಎಂಬ ಆಸ್ತಿಪಟ್ಟಿ ಮಾಡಬೇಕು. ಮನೆ, ಬ್ಯಾಂಕಿನ ಹಣ, ಸಾಲ, ದೋಣಿ, ವಿಮಾನ ಎಲ್ಲವನ್ನೂ ಬೆಲೆಸಹಿತ ಬರೆದು ತೆರಿಗೆ ಇಲಾಖೆಗೆ ಕಳಿಸಬೇಕು. ಸ್ವೀಡನ್ ಉತ್ತರಾಧಿಕಾರ ತೆರಿಗೆಯನ್ನು 2004ರ ಕೊನೆಯಲ್ಲೇ ತೆಗೆದುಹಾಕಿದೆ. ಹಾಗಾಗಿ ಸರ್ಕಾರಕ್ಕೆ ಕೊಡುವುದೇನೂ ಇಲ್ಲ. ಆದರೆ ಪಾಲು ಹಂಚಿಕೆಗೆ ಈ ಪಟ್ಟಿಯೇ ಬುನಾದಿ.

ಇಲ್ಲಿನ ಕಾನೂನಿನಲ್ಲಿ ಒಂದು ಸೂಕ್ಷ್ಮವಿದೆ. ದಂಪತಿಗಳಿಬ್ಬರಿಗೂ ಹುಟ್ಟಿದ ಮಕ್ಕಳು ಉಳಿದಿರುವ ತಂದೆ ಅಥವಾ ತಾಯಿಯ ಕಾಲಾನಂತರದವರೆಗೆ ಪಾಲಿಗಾಗಿ ಕಾಯಬೇಕು. ಹಿಂದಿನ ಸಂಬಂಧದ ಮಕ್ಕಳು ಕಾಯಬೇಕಿಲ್ಲ, ತಮ್ಮ ಪಾಲನ್ನು ಕೂಡಲೇ ಕೇಳಬಹುದು. ನನ್ನ ಗೆಳೆಯರಿಗೆ ಮೊದಲ ಮದುವೆಯಿಂದ ಒಬ್ಬ ಮಗನಿದ್ದ. ವಿಮಾನಕ್ಕೆ ಹೆಚ್ಚು ಬೆಲೆ ಬರೆದರೆ ಆ ತಾಯಿ ಕೈಯಿಂದ ಅಷ್ಟು ನಗದು ಹೊಂದಿಸಿ ಅವನಿಗೆ ಕೊಡಬೇಕು. ಕಡಿಮೆ ಬರೆದರೆ ಮಗನಿಗೆ ಮೋಸವಾದಂತೆ. ಮನೆಗೆ ಬೆಲೆ ಹೇಳುವ ದಲ್ಲಾಳಿಗಳು ಊರ ತುಂಬ ಇದ್ದಾರೆ. ಅರವತ್ತು ದಾಟಿದ ವಿಮಾನಕ್ಕೆ ಬೆಲೆ ಹೇಳುವವರು ಯಾರು? "ನೀನು ವಿಮಾನದವನಲ್ಲವೇ" ಎಂದು ನನ್ನನ್ನೇ ಕರೆದರು.

ನಾನು ಅಂತರ್ಜಾಲದಲ್ಲಿ ಅಮೆರಿಕ, ಜರ್ಮನಿಯ ಮಾರಾಟದ ಜಾಹೀರಾತುಗಳನ್ನು ನೋಡಿ, ಸರಾಸರಿ ಹಿಡಿದು, ಕಾಫಿ ಕುಡಿಯುತ್ತಾ ಒಂದು ಮೊತ್ತ ಹೇಳಿಬಿಟ್ಟೆ. ಅದೇ ನನ್ನ ತಪ್ಪು. ಜಾಹೀರಾತಿನಲ್ಲಿ ಇರುವುದು ಮಾರುವವನ ಆಸೆ, ಮಾರಿದ ಬೆಲೆಯಲ್ಲ. ಮಾರಾಟವಾಗದ ವಿಮಾನದ ಜಾಹೀರಾತೇ ಹೆಚ್ಚು ಕಾಲ ಉಳಿಯುತ್ತದೆ ಎಂಬುದೂ ಆಗ ನನಗೆ ಹೊಳೆಯಲಿಲ್ಲ. ಆ ತಾಯಿ ಅದೇ ಸಂಜೆ ಮಗನಿಗೆ ಫೋನ್ ಮಾಡಿ ಆ ಮೊತ್ತ ತಿಳಿಸಿದ್ದರು.

ಒಂದು ಡಾಲರಿನ ಬಾಂಬರ್, ಗುಜರಿಯ ಲಿಬರೇಟರ್

ವಿಮಾನದ ಬೆಲೆ ಎಷ್ಟು ವಿಚಿತ್ರ ಎಂಬುದಕ್ಕೆ ನಾನಿರುವ ಊರಲ್ಲೂ ನಾನು ಹುಟ್ಟಿದ ಊರಲ್ಲೂ ಒಂದೊಂದು ಸಾಕ್ಷಿಯಿದೆ. ಎರಡೂ ದೊಡ್ಡ, ನಾಲ್ಕು ಎಂಜಿನ್‌ನ ವಿಮಾನಗಳ ಕಥೆ. ಪಾಠ ಮಾತ್ರ ಸಣ್ಣದಕ್ಕೂ ಹೊಂದುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ತಟಸ್ಥವಾಗಿದ್ದ ಸ್ವೀಡನ್ನಿನಲ್ಲಿ ಪೆಟ್ಟು ತಿಂದ ಅಮೆರಿಕನ್ ಬಾಂಬರ್‌ಗಳು ಬಂದು ಇಳಿಯುತ್ತಿದ್ದವು. ಸಿಬ್ಬಂದಿಯನ್ನು ಬಿಟ್ಟುಕೊಡುವ ಒಪ್ಪಂದದ ಭಾಗವಾಗಿ 1944ರಲ್ಲಿ ಒಂಬತ್ತು ಬಿ-17 ವಿಮಾನಗಳು ಒಂದೊಂದು ಡಾಲರಿನ ನಾಮಮಾತ್ರ ಬೆಲೆಗೆ ಸ್ವೀಡನ್ನಿಗೆ ಸಿಕ್ಕವು. ಲಿನ್‌ಶೋಪಿಂಗ್‌ನ ಸಾಬ್ ಕಾರ್ಖಾನೆ ಏಳನ್ನು ಹದಿನಾಲ್ಕು ಪ್ರಯಾಣಿಕರ ವಿಮಾನಗಳನ್ನಾಗಿ ಮಾರ್ಪಡಿಸಿತು. ಉಳಿದ ಎರಡು ಬಿಡಿಭಾಗಕ್ಕಾದವು. 1945ರಲ್ಲಿ ಸ್ಟಾಕ್‌ಹೋಮಿನಿಂದ ನ್ಯೂಯಾರ್ಕಿಗೆ ಹಾರಿದ್ದು ಇವೇ. ಅವುಗಳಲ್ಲಿ ಡೆನ್ಮಾರ್ಕಿಗೆ ಹೋದ ಒಂದು, 'ಶೂ ಶೂ ಬೇಬಿ', ಕೊನೆಗೆ ಅಮೆರಿಕದ ವಾಯುಪಡೆಯ ವಸ್ತುಸಂಗ್ರಹಾಲಯ ಸೇರಿತು.

ಇತ್ತ ಬೆಂಗಳೂರಿನಲ್ಲಿ, 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಇತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದ ಬಯಲಿನಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳು ಗುಜರಿಯಾಗಿ ಬಿದ್ದಿದ್ದವು. ಮತ್ತೆ ಹಾರಬಾರದೆಂದೇ ಅವನ್ನು ಹಾಳುಗೆಡವಲಾಗಿತ್ತು. ನಮ್ಮವರು ಅಲ್ಲೇ ಒಂದು ಹಾರಾಟಕ್ಕೆ ಆಗುವಷ್ಟು ರಿಪೇರಿ ಮಾಡಿದರು, ಜಮ್ಶೆಡ್ ಮುನ್ಷಿ ಎಂಬ ಪೈಲಟ್ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು, ಇಲ್ಲಿ ಪೂರ್ತಿ ಬಿಚ್ಚಿ ಕಟ್ಟಿದರು. 1948ರಿಂದ ವಾಯುಪಡೆಗೆ ಹೀಗೆ ಸಿಕ್ಕ ವಿಮಾನಗಳು ನಲವತ್ತಕ್ಕೂ ಹೆಚ್ಚು, 1968ರವರೆಗೆ ಸೇವೆಯಲ್ಲಿದ್ದವು. ಇಂದು ಜಗತ್ತಿನ ಬೇರೆಬೇರೆ ವಸ್ತುಸಂಗ್ರಹಾಲಯಗಳಲ್ಲಿರುವ ಲಿಬರೇಟರ್‌ಗಳಲ್ಲಿ ಹಲವು ಬೆಂಗಳೂರಿನ ಕೈಗಳು ಉಳಿಸಿದವು.

ಒಂದು ಡಾಲರ್, ಗುಜರಿಯ ದರ, ವಸ್ತುಸಂಗ್ರಹಾಲಯದ ಅಮೂಲ್ಯ ಪ್ರದರ್ಶನ: ಒಂದೇ ಲೋಹಕ್ಕೆ ಮೂರು ಬೆಲೆ. ಬದಲಾದದ್ದು ಲೋಹವಲ್ಲ, ಅದನ್ನು ಹಾರಿಸಲು ಬೇಕಾದ ಕೆಲಸ ಎಷ್ಟು, ಆ ಕೆಲಸ ಯಾರಿಗೆ ಗೊತ್ತು, ಹಾರಿದರೆ ಯಾರಿಗೆ ಉಪಯೋಗ ಎಂಬುದು. ಹಾಗೆಂದು ಅಪರೂಪವಾದದ್ದೆಲ್ಲ ಮಾರುಕಟ್ಟೆಗೆ ಬರುವುದೂ ಇಲ್ಲ. ಸಾಬ್ ಕಂಪನಿಯ ಎರಡು ಎಂಜಿನ್‌ನ ಸ್ಕ್ಯಾಂಡಿಯಾ ವಿಮಾನ 1946ರಲ್ಲಿ ಮೊದಲು ಹಾರಿತು, ಒಟ್ಟು 18 ತಯಾರಾದವು. ಈಗ ಉಳಿದಿರುವುದು ಒಂದೇ, ಅದೂ ಬ್ರೆಜಿಲ್‌ನಲ್ಲಿ. ಅದಕ್ಕೆ ಹೋಲಿಸಿ ನೋಡಲು ಇನ್ನೊಂದು ಮಾರಾಟವೇ ಇಲ್ಲದಿರುವಾಗ ಮಾರುಕಟ್ಟೆ ಬೆಲೆ ಎಂಬ ಮಾತಿಗೇ ಅರ್ಥವಿಲ್ಲ.

ಸಣ್ಣ ಜೋಡಿ ಎಂಜಿನ್ ವಿಮಾನಗಳ ಏಳುಬೀಳು

ಬೀಚ್ 18 ಎಂಬ ವಿಮಾನ 1937ರಲ್ಲಿ ಹಾರಿತು. ಮೂರು ದಶಕಕ್ಕೂ ಹೆಚ್ಚು ಕಾಲ ಒಂಬತ್ತು ಸಾವಿರಕ್ಕಿಂತ ಹೆಚ್ಚು ತಯಾರಾದವು. ಆದರೆ ಸಾಮಾನ್ಯ ವ್ಯಾಪಾರಿ, ವೈದ್ಯ, ಗುತ್ತಿಗೆದಾರ ಕೊಳ್ಳಬಹುದಾದ ಜೋಡಿ ಎಂಜಿನ್ ವಿಮಾನ ಬಂದದ್ದು 1950ರ ದಶಕದಲ್ಲಿ. ಪೈಪರ್ ಅಪಾಚೆಯ ಮೂಲಮಾದರಿ 1952ರ ಮಾರ್ಚಿನಲ್ಲಿ ಹಾರಿತು, ಸೆಸ್ನಾ 310 ಹಾರಿದ್ದು 1953ರ ಜನವರಿಯಲ್ಲಿ. 1954ರಿಂದ ಎರಡೂ ಮಾರಾಟಕ್ಕೆ ಬಂದವು.

ಸ್ವೀಡನ್ನಿನಂಥ ದೇಶಕ್ಕೆ ಇವು ಹೇಳಿ ಮಾಡಿಸಿದಂತಿದ್ದವು. ದಕ್ಷಿಣದಿಂದ ಉತ್ತರಕ್ಕೆ ಸುಮಾರು 1,570 ಕಿ.ಮೀ. ಉದ್ದ, ನಡುವೆ ಮುಗಿಯದ ಕಾಡು, ಸಾವಿರಾರು ಸರೋವರ, ಪೂರ್ವಕ್ಕೆ ತಣ್ಣನೆಯ ಬಾಲ್ಟಿಕ್ ಸಮುದ್ರ. ಚಳಿಗಾಲದ ಕತ್ತಲಲ್ಲಿ ಗಾಟ್‌ಲ್ಯಾಂಡ್ ದ್ವೀಪಕ್ಕೆ ಹಾರುವವನಿಗೆ ಒಂದು ಎಂಜಿನ್ ನಿಂತರೂ ಇನ್ನೊಂದಿದೆ ಎಂಬುದೇ ಧೈರ್ಯ. ಅಪಾಚೆಯಂಥ 150 ಅಶ್ವಶಕ್ತಿಯ ಎರಡು ಎಂಜಿನ್‌ನ ವಿಮಾನ ಭಾರ ಹೊತ್ತಾಗ ಒಂದೇ ಎಂಜಿನ್ನಿನಲ್ಲಿ ಏರುವುದೇ ಕಷ್ಟ, ಉಳಿದ ಎಂಜಿನ್ ಬೀಳುವ ಜಾಗದವರೆಗೆ ತಲುಪಿಸುತ್ತದೆ ಅಷ್ಟೆ ಎಂದು ಪೈಲಟ್‌ಗಳು ಕುಹಕವಾಡುವುದುಂಟು. ಆದರೂ ಧೈರ್ಯಕ್ಕೂ ಬೆಲೆಯಿತ್ತು.

ಆ ಬೆಲೆ ಕುಸಿದದ್ದು ಹಂತಹಂತವಾಗಿ. 1973ರ ತೈಲ ಬಿಕ್ಕಟ್ಟು ಎರಡು ಎಂಜಿನ್ನಿಗೆ ಇಂಧನ ತುಂಬಿಸುವುದನ್ನು ದುಬಾರಿ ಮಾಡಿತು. 1978ರಲ್ಲಿ ಸುಮಾರು 17,800 ಸಣ್ಣ ವಿಮಾನ ತಯಾರಿಸಿದ ಅಮೆರಿಕದ ಕಾರ್ಖಾನೆಗಳು 1994ರಲ್ಲಿ ಸಾವಿರವನ್ನೂ ಮುಟ್ಟಲಿಲ್ಲ. ಅಪಘಾತದ ಪರಿಹಾರ ಮೊಕದ್ದಮೆಗಳ ಭಾರ ಅಷ್ಟಿತ್ತು. ಆ ವರ್ಷವೇ ಅಲ್ಲಿ ಹದಿನೆಂಟು ವರ್ಷ ದಾಟಿದ ಸಣ್ಣ ವಿಮಾನಗಳ ಹೊಣೆಯಿಂದ ತಯಾರಕರನ್ನು ಬಿಡುಗಡೆ ಮಾಡುವ ಕಾನೂನು ಬಂತು. ಹೊಸದು ಬರದಿದ್ದಾಗ ಹಳೆಯದರ ಬೆಲೆ ಏರಬೇಕಲ್ಲವೇ? ಒಂಟಿ ಎಂಜಿನ್ ವಿಮಾನಗಳಲ್ಲಿ ಏರಿತು ಕೂಡ. ಜೋಡಿ ಎಂಜಿನ್ ವಿಮಾನಗಳಲ್ಲಿ ಕೊಳ್ಳುವ ಬೆಲೆಗಿಂತ ಸಾಕುವ ಖರ್ಚು ದೊಡ್ಡದಾಗಿತ್ತು. ಬಿಳಿಯಾನೆ ಅಗ್ಗಕ್ಕೆ ಸಿಕ್ಕಿತೆಂದು ಯಾರೂ ಮನೆಗೆ ಹೊಡೆದುಕೊಂಡು ಬರುವುದಿಲ್ಲ.

ಸ್ವೀಡನ್ನಿಗೆ ಇನ್ನೊಂದು ತಿರುವು ಕಾದಿತ್ತು. 1992ರ ನವೆಂಬರ್ 19ರಂದು ಇಲ್ಲಿನ ಕೇಂದ್ರ ಬ್ಯಾಂಕು ಕ್ರೋನಾದ ಸ್ಥಿರ ವಿನಿಮಯ ದರವನ್ನು ಕೈಬಿಟ್ಟಿತು, ಕ್ರೋನಾ ಬಿತ್ತು. ಬಿಡಿಭಾಗಗಳೆಲ್ಲ ಡಾಲರಿನಲ್ಲಿ ಬರುವುದರಿಂದ ಸಾಕುವ ಖರ್ಚು ರಾತ್ರೋರಾತ್ರಿ ಏರಿತು. ಕ್ರೋನಾ ಇಳಿದಾಗಲೆಲ್ಲ ಈ ಲೆಕ್ಕ ಮರುಕಳಿಸುತ್ತದೆ.

ಇಂಧನದ ಗೆರೆ, ಕಾನೂನಿನ ಗೆರೆ

ಈ ಮಾರುಕಟ್ಟೆಯಲ್ಲಿ ಸ್ವೀಡನ್ನಿನದೇ ಆದ ಒಂದು ವಿಶೇಷವಿದೆ. ಸಣ್ಣ ವಿಮಾನಗಳು ಕುಡಿಯುವ 100 ಎಲ್‌ಎಲ್ ಪೆಟ್ರೋಲಿನಲ್ಲಿ ಇಂದಿಗೂ ಸೀಸವಿದೆ. ಸ್ವೀಡನ್ನಿನ ಯೆಲ್ಮ್‌ಕೋ ಎಂಬ ಸಣ್ಣ ಕಂಪನಿ 1981ರಲ್ಲೇ ಸೀಸವಿಲ್ಲದ 80 ಆಕ್ಟೇನಿನ ವಿಮಾನ ಪೆಟ್ರೋಲನ್ನು, 1991ರಲ್ಲಿ 91/96 ಎಂಬ ದರ್ಜೆಯದನ್ನು ತಂದಿತು. ಅಪಾಚೆಯ ಮೂಲ 150 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಹುಟ್ಟಿದ್ದೇ 80 ಆಕ್ಟೇನಿಗಾಗಿ, ಆದ್ದರಿಂದ ಸೀಸವಿಲ್ಲದ ಪೆಟ್ರೋಲ್ ಅದಕ್ಕೆ ಒಗ್ಗುತ್ತದೆ. ಹೆಚ್ಚು ಒತ್ತಡದ ದೊಡ್ಡ ಎಂಜಿನ್ ಹೊತ್ತ ವಿಮಾನಗಳಿಗೆ ಆ ಅನುಕೂಲವಿಲ್ಲ. 2025ರ ಮೇ 1ರಿಂದೀಚೆಗೆ ಐರೋಪ್ಯ ಒಕ್ಕೂಟದೊಳಗೆ ವಿಶೇಷ ಅನುಮತಿಯಿಲ್ಲದೆ ಆ ಸೀಸದ ಸಂಯುಕ್ತವನ್ನು ಇಂಧನಕ್ಕೆ ಬೆರೆಸುವಂತಿಲ್ಲ. ಹೀಗಾಗಿ ಒಂದು ಕಾಲಕ್ಕೆ ಬಡ ತಮ್ಮನಂತಿದ್ದ ಕಡಿಮೆ ಶಕ್ತಿಯ ಎಂಜಿನ್ನಿಗೆ ಈಗ ತನ್ನದೇ ಆದ ಮರ್ಯಾದೆ ಬಂದಿದೆ.

ಇನ್ನೊಂದು ಗೆರೆ ಕಾನೂನಿನದು. 2018ರ ಐರೋಪ್ಯ ವಾಯುಯಾನ ನಿಯಮದ ಒಂದು ಷರತ್ತಿನ ಪ್ರಕಾರ, ಸರಳ ವಿಮಾನವೊಂದರ ಮೂಲ ವಿನ್ಯಾಸ 1955ಕ್ಕೆ ಮುಂಚಿನದಾಗಿದ್ದು ತಯಾರಿಕೆ 1975ಕ್ಕೆ ಮುಂಚೆಯೇ ನಿಂತಿದ್ದರೆ ಅದು ಐತಿಹಾಸಿಕ ವಿಮಾನ. ಅದರ ಉಸ್ತುವಾರಿ ಆಯಾ ದೇಶದ್ದು. ಸ್ವೀಡನ್ನಿನಲ್ಲಿ 2009ರಿಂದ ಸಾರಿಗೆ ಪ್ರಾಧಿಕಾರದ್ದು. ಅಂಥ ವಿಮಾನವನ್ನು ನೋಡಿಕೊಳ್ಳುವುದು ಸ್ವಲ್ಪ ಸಲೀಸಾಗಬಹುದು, ಆದರೆ ಗಡಿ ದಾಟಿ ಮಾರುವಾಗ ಬೇರೆ ದೇಶದ ಒಪ್ಪಿಗೆಯ ಪ್ರಶ್ನೆ ಬರುತ್ತದೆ. ಕೊಳ್ಳುವವರ ಬಳಗ ಕಿರಿದಾದರೆ ಬೆಲೆಯೂ ಕಿರಿದು.

ಇರಿಸಲು ಜಾಗವೂ ಬೆಲೆಯ ಭಾಗವೇ. ಸ್ಟಾಕ್‌ಹೋಮ್ ಬಳಿ ಹಳೆಯ ವಿಮಾನಗಳವರ ನೆಚ್ಚಿನ ತಾಣವಾಗಿದ್ದ ಬಾರ್ಕರ್‌ಬಿ ಮೈದಾನ 2010ರಲ್ಲಿ ಮುಚ್ಚಿತು, ಈಗ ಅಲ್ಲಿ ಮನೆಗಳೆದ್ದಿವೆ. ಸ್ವೀಡನ್ನಿನ ಚಳಿಗೆ, ಪಶ್ಚಿಮ ಕರಾವಳಿಯ ಉಪ್ಪುಗಾಳಿಗೆ ಹೊರಗೆ ನಿಂತ ವಿಮಾನ ಬೇಗ ಮುದಿಯಾಗುತ್ತದೆ.

ಹಲ್ಲು ಎಣಿಸುವ ಕೆಲಸ

ಹೊಸದಾಗಿ ಲೆಕ್ಕ ಹಾಕಲು ಕುಳಿತಾಗ ನಾನು ಮೊದಲು ತೆರೆದದ್ದು ಕಾಗದಗಳನ್ನು. ನನ್ನ ತಂದೆ ಬೆಂಗಳೂರಿನ ಎಚ್‌ಎಎಲ್‌ನ ಎಂಜಿನ್ ವಿಭಾಗದಲ್ಲಿ ದುಡಿದವರು. "ಕಾಗದ ಇಲ್ಲದ ಬೋಲ್ಟು ಬರೀ ಕಬ್ಬಿಣ" ಎನ್ನುತ್ತಿದ್ದರು. ವಿಮಾನದ ಲಾಗ್‌ಬುಕ್‌ಗಳು ಮೊದಲ ದಿನದಿಂದಲೂ ಸಾಲಾಗಿದ್ದರೆ ಒಂದು ಬೆಲೆ, ನಡುವೆ ಒಂದು ಪುಸ್ತಕ ಕಳೆದಿದ್ದರೆ ಇನ್ನೊಂದು. ನಾವು ಊರಲ್ಲಿ ಜಮೀನು ಕೊಳ್ಳುವಾಗ ಋಣಭಾರದ ಪ್ರಮಾಣಪತ್ರ ತೆಗೆಸುವಂತೆ ಇಲ್ಲಿಯೂ ವಿಮಾನದ ಮೇಲೆ ಅಡಮಾನವಿದೆಯೇ ಎಂದು ನೋಡಬೇಕು; ಅದರ ದಾಖಲಾತಿಗೆ 1955ರ ಕಾನೂನೇ ಇದೆ.

ಆಮೇಲೆ ಎಂಜಿನ್. ಅಪಾಚೆಯ ಎಂಜಿನ್ನಿಗೆ ಓವರ್‌ಹಾಲ್ ನಡುವಿನ ಅವಧಿ 2,000 ಗಂಟೆ. ಜೊತೆಗೆ ಹನ್ನೆರಡು ವರ್ಷಕ್ಕೊಮ್ಮೆ ಮಾಡಿಸಬೇಕೆಂಬುದು ತಯಾರಕರ ಸಲಹೆ. ಖಾಸಗಿ ಬಳಕೆಯಲ್ಲಿ ಇದನ್ನು ಮೀರಬಹುದು, ಆದರೆ ಕೊಳ್ಳುವವನು ಅದನ್ನು ಮರೆಯುವುದಿಲ್ಲ. ಕಾರಣವೂ ಇದೆ: ಲೈಕಮಿಂಗ್ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಮೇಲ್ಭಾಗದಲ್ಲಿ. ತಿಂಗಳುಗಟ್ಟಲೆ ಹಾರದಿದ್ದರೆ ಎಣ್ಣೆ ಕೆಳಗಿಳಿದು ಅದು ಒಣಗುತ್ತದೆ, ತುಕ್ಕು ಹಿಡಿಯುತ್ತದೆ. ಕಡಿಮೆ ಗಂಟೆ ಓಡಿದೆ ಎಂಬುದು ಹೊಗಳಿಕೆಯೇ ಆಗಬೇಕಿಲ್ಲ.

ಎಡಗಡೆ, ಬಲಗಡೆ ಎಂಬ ಭೇದವೂ ಉಂಟು. ಅಪಾಚೆಯಲ್ಲಿ ಚಕ್ರ ಎತ್ತುವ ಹೈಡ್ರಾಲಿಕ್ ಪಂಪು ಎಡ ಎಂಜಿನ್ನಿಗೆ ಜೋಡಿಸಿದ್ದು. ಎಡಗಡೆಯದು ನಿಂತರೆ ಪೈಲಟ್ ಕೈಯಿಂದಲೇ ಪಂಪು ಹೊಡೆಯಬೇಕು. ಇನ್ನು ಹೊರಗೆ ಅಲ್ಯುಮಿನಿಯಂ ಹೊದಿಕೆ ಕಂಡರೂ ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟಿದೆ. ತುಕ್ಕು ಅಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. ಇಂಧನ ತುಂಬುವುದು ರಬ್ಬರ್ ಚೀಲಗಳಲ್ಲಿ. ವಯಸ್ಸಾದಂತೆ ಅವು ಬಿರಿಯುತ್ತವೆ. ಪೆಟ್ರೋಲ್ ಉರಿಸಿ ಕ್ಯಾಬಿನ್ನು ಬೆಚ್ಚಗಿಡುವ ಹೀಟರಿಗೆ ಕಾಲಕಾಲಕ್ಕೆ ಪರೀಕ್ಷೆ ಕಡ್ಡಾಯ. ಸ್ವೀಡನ್ನಿನಲ್ಲಿ ಹೀಟರ್ ಇಲ್ಲದೆ ಆರು ತಿಂಗಳು ಹಾರುವ ಮಾತೇ ಇಲ್ಲ. ಪ್ರೊಪೆಲರಿಗೂ ಗಂಟೆಯ ಜೊತೆಗೆ ವರ್ಷಗಳ ಲೆಕ್ಕವಿದೆ. ರೇಡಿಯೊ ಕೂಡ: 2018ರಿಂದ ಯುರೋಪಿನಲ್ಲಿ 8.33 ಕಿಲೊಹರ್ಟ್ಸ್ ಅಂತರದ ರೇಡಿಯೊ ಬೇಕು.

ಲೆಕ್ಕ

ಆ ಕುಟುಂಬದ ಗುಟ್ಟು ಕಾಪಾಡಲು ಕ್ರೋನಾದ ಅಂಕಿಗಳನ್ನು ಕೊಡುತ್ತಿಲ್ಲ. ಒಂದು ಎಂಜಿನ್ನಿನ ಓವರ್‌ಹಾಲ್ ಖರ್ಚನ್ನು 100 ಎಂದಿಟ್ಟುಕೊಂಡು ಮಾದರಿಯಾಗಿ ತೋರಿಸುತ್ತೇನೆ.

ಎರಡೂ ಎಂಜಿನ್ ಅರ್ಧ ಆಯುಷ್ಯದಲ್ಲಿರುವ, ಅಂದರೆ 1,000 ಗಂಟೆ ಓಡಿರುವ, ಕಾಗದ ಸರಿಯಿರುವ ಇಂಥದೇ ವಿಮಾನದ ನಿಜವಾದ ಮಾರಾಟ ಬೆಲೆ 160 ಇರಲಿ. ನಮ್ಮ ವಿಮಾನದ ಎಡ ಎಂಜಿನ್ 1,700 ಗಂಟೆ ಓಡಿದೆ, ಅರ್ಧಕ್ಕಿಂತ 700 ಗಂಟೆ ಹೆಚ್ಚು. 2,000ಕ್ಕೆ 100 ಆದರೆ 700ಕ್ಕೆ 35 ಕಳೆಯಬೇಕು. ಬಲ ಎಂಜಿನ್ 700 ಗಂಟೆ, ಅರ್ಧಕ್ಕಿಂತ 300 ಕಡಿಮೆ; 15 ಕೂಡಿಸಬೇಕಿತ್ತು. ಆದರೆ ಅದರ ಓವರ್‌ಹಾಲ್ ಆಗಿ ಇಪ್ಪತ್ತು ವರ್ಷ ದಾಟಿದೆ. ಆ 15ನ್ನು ಯಾವ ಗಿರಾಕಿಯೂ ಕೊಡುವುದಿಲ್ಲ. ಎರಡು ಪ್ರೊಪೆಲರ್‌ಗಳ ಅವಧಿ ಮುಗಿದಿದೆ, 30 ಕಳೆಯಿರಿ. ಹೀಟರಿಗೆ 5, ರೇಡಿಯೊಗೆ 5. ಉಳಿದದ್ದು 85.

ನಾನು ಕಾಫಿಯ ಹೊತ್ತಿನಲ್ಲಿ ಹೇಳಿದ್ದು 190.

ಇನ್ನೊಂದು ದಾರಿಯಿಂದಲೂ ಲೆಕ್ಕ ಹಾಕಿದೆ. ವಿಮಾನವನ್ನು ಬಿಚ್ಚಿ ಮಾರಿದರೆ? ಬಲ ಎಂಜಿನ್ 35, ಎಡದ್ದು 20, ಪ್ರೊಪೆಲರ್‌ಗಳು 15, ಚಕ್ರ, ಬಾಗಿಲು, ಉಪಕರಣ ಎಲ್ಲ ಸೇರಿ 30. ಒಟ್ಟು 100, ಬಿಚ್ಚುವ ಕೂಲಿ 20 ಕಳೆದರೆ 80. ಆನೆ ಬದುಕಿದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು ಎಂಬ ಗಾದೆಗೆ ಇಷ್ಟು ಕರಾರುವಾಕ್ಕಾದ ಲೆಕ್ಕ ನಾನು ಬೇರೆಲ್ಲೂ ಕಂಡಿಲ್ಲ. ಬಿಚ್ಚಿದ ಬೆಲೆಯೇ ಹಾರುವ ಬೆಲೆಗೆ ನೆಲಗಟ್ಟು. ಅವೆರಡೂ ಹತ್ತಿರ ಬಂದವೆಂದರೆ ವಿಮಾನದ ಕೊನೆಗಾಲ ಬಂದಿದೆ ಎಂದರ್ಥ.

ಎರಡನೆಯ ಕಾಫಿ

85 ಎಂದು ಹೇಳಲು ಆ ಮನೆಗೆ ಹೋದ ದಿನ ಮಗನೂ ಬಂದಿದ್ದ. ಅವನ ಕಣ್ಣಿನಲ್ಲಿದ್ದ ಅನುಮಾನ ನ್ಯಾಯವಾದದ್ದೇ. ನಾನು ಆ ತಾಯಿಯ ಕಡೆಯವನು. ಮೊದಲು ಹೆಚ್ಚು ಹೇಳಿ, ಅವನು ಪಾಲು ಕೇಳಿದ ಮೇಲೆ ಇಳಿಸುತ್ತಿದ್ದೇನೆ. ನಾನು ವಾದ ಮಾಡಲಿಲ್ಲ. "ಮೊದಲು ಹೇಳಿದ್ದು ತಪ್ಪು, ಆ ತಪ್ಪು ನನ್ನದು" ಎಂದೆ. ಲಾಗ್‌ಬುಕ್‌ಗಳನ್ನು ಮೇಜಿನ ಮೇಲಿಟ್ಟು ಒಂದೊಂದು ಸಾಲಿಗೂ ಪುಟ ತೆರೆದು ತೋರಿಸಿದೆ. ನನ್ನ ಮಾತನ್ನೇ ನಂಬಬೇಕಿಲ್ಲ, ನಮ್ಮಿಬ್ಬರಿಗೂ ಪರಿಚಯವಿಲ್ಲದ ಒಬ್ಬ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಿ ಎಂದೂ ಕೇಳಿಕೊಂಡೆ. ಆ ಮೆಕ್ಯಾನಿಕ್ ನನಗಿಂತ ಇನ್ನೂ ಸ್ವಲ್ಪ ಕಡಿಮೆಯೇ ಹೇಳಿದರು. ಚೌಕಟ್ಟಿನ ಒಂದು ಕೊಳವೆಯಲ್ಲಿ ನಾನು ಕಾಣದ ತುಕ್ಕು ಅವರಿಗೆ ಕಂಡಿತ್ತು.

ಆಸ್ತಿಪಟ್ಟಿಯಲ್ಲಿ ಅವರ ಮೊತ್ತವನ್ನೇ ಬರೆದರು, ಇಬ್ಬರೂ ಒಪ್ಪಿದರು. ಎಂಜಿನ್‌ಗಳೂ ಪ್ರೊಪೆಲರ್‌ಗಳೂ ಬೇರೆಬೇರೆ ಕಡೆ ಮಾರಾಟವಾದವು. ಅವುಗಳ ಲಾಗ್‌ಬುಕ್‌ಗಳು ಅವುಗಳ ಜೊತೆಗೇ ಹೋದವು. ಒಡಲು ವಿಮಾನ ಮೆಕ್ಯಾನಿಕ್‌ಗಳನ್ನು ತಯಾರು ಮಾಡುವ ಶಾಲೆಯೊಂದಕ್ಕೆ ಸೇರಿತು. ಹೊರಡುವ ಮುನ್ನ ಮಗ ಒಂದೇ ಒಂದು ವಸ್ತು ಕೇಳಿದ: ಬಾಲ್ಯದಲ್ಲಿ ತಾನು ಅಪ್ಪನ ಪಕ್ಕ ಕುಳಿತು ಹಿಡಿಯುತ್ತಿದ್ದ ಬಲಗಡೆಯ ಸ್ಟಿಯರಿಂಗ್. ಪಟ್ಟಿಯಲ್ಲಿ ಅದಕ್ಕೆ ಬೆಲೆ ಬರೆದಿರಲಿಲ್ಲ. ಆ ತಾಯಿ ಅದನ್ನು ತಾವೇ ಬಿಚ್ಚಿಸಿ, ಒರೆಸಿ, ಅವನ ಕೈಗಿಟ್ಟರು.

ಉಪಸಂಹಾರ

ನಮ್ಮ ಕೂಟದ ಸದಸ್ಯರಲ್ಲಿ ಹಲವರು ಇಲ್ಲಿ ಮನೆ, ದೋಣಿ, ಬೇಸಿಗೆ ಗುಡಿಸಲು ಕಟ್ಟಿಕೊಂಡವರು. ಒಂದು ದಿನ ನಮ್ಮ ವಸ್ತುಗಳಿಗೂ ಯಾರೋ ಬೆಲೆ ಬರೆಯುತ್ತಾರೆ. ಆದ್ದರಿಂದ ಈ ಬರಹದಿಂದ ಮೂರು ಮಾತು ನೆನಪಿಟ್ಟುಕೊಂಡರೆ ಸಾಕು. ಕೇಳುವ ಬೆಲೆ ಬೇರೆ, ಮಾರಿದ ಬೆಲೆ ಬೇರೆ. ಕಾಗದಗಳನ್ನು ಜೋಪಾನವಾಗಿಡಿ, ನಿಮ್ಮ ನಂತರ ಅವೇ ನಿಮ್ಮ ಪರವಾಗಿ ಮಾತಾಡುತ್ತವೆ. ಪಾಲಿನ ವಿಷಯದಲ್ಲಿ ಯಾರಾದರೂ ಬೆಲೆ ಕೇಳಿದರೆ ಕಾಫಿ ಕುಡಿಯುತ್ತಾ ಹೇಳಬೇಡಿ.

ತಾತ ಟವೆಲಿನೊಳಗೆ ಬೆರಳು ಹಿಡಿದು ಹೇಳಿದ ಬೆಲೆ ಇಬ್ಬರಿಗೆ ಮಾತ್ರ ಗೊತ್ತಾಗುತ್ತಿತ್ತು. ಆದರೆ ಅದಕ್ಕೆ ಮುಂಚೆ ಅವರು ಹಲ್ಲು ನೋಡಿದ್ದನ್ನು, ಕಾಲು ಸವರಿದ್ದನ್ನು, ಜೋಡಿಯನ್ನು ನಡೆಸಿದ್ದನ್ನು ಇಡೀ ಜಾತ್ರೆ ನೋಡುತ್ತಿತ್ತು. ಬೆಲೆಯ ನ್ಯಾಯ ಇದ್ದದ್ದು ಟವೆಲಿನೊಳಗಲ್ಲ, ಅದಕ್ಕೂ ಮುಂಚಿನ ಆ ನಾಲ್ಕು ಹೆಜ್ಜೆಯಲ್ಲಿ.